ಬೆಚ್ಚಗಿನ ರಾಶಿ

ಫೆಬ್ರವರಿ 11

ಇವತ್ತೂ ಮೆಕ್ಕೆಜೋಳ ಒಣಗಲಿಲ್ಲ. ಬಿಸಿಲು ಬಂತು, ಹರಡಿದೆವು. ಮೋಡ ಬಂತು, ಬಾಚಿದೆವು. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ ನಮ್ಮ ಕಿಟುಯಿ ಸೀಮೆಯಲ್ಲಿ ಎಲ್ಲರ ಪಾಡೂ ಇಷ್ಟೇ. ಅಂಗಳದಲ್ಲಿ ಬಿಟ್ಟರೆ ಕಳ್ಳರ ಪಾಲು. ಹಾಗಾಗಿ ಮೆಕ್ಕೆಜೋಳವೆಲ್ಲ ನಾವು ಮಲಗುವ ಕೋಣೆಯ ಮಣ್ಣುನೆಲದ ಮೇಲೆ... ಮಂಚದೆತ್ತರ ರಾಶಿ.

ಮುಸೆಂಬಿ ಅದರ ಮೇಲೆಯೇ ನಿದ್ದೆ ಹೋದ. ಇನ್ನೂ ವರ್ಷ ತುಂಬದ ಮಗ. ತೀರಿಹೋದ ಮಾವನ ಹೆಸರನ್ನೇ ಇಟ್ಟಿರುವುದರಿಂದ ಅತ್ತೆಗೆ ಇವನು ‘ಗಂಡ’. ನಮ್ಮೂರಿನ ಎಲ್ಲ ಅಜ್ಜಿಯರ ಹಾಗೆ ಅವರೂ ಹೆಸರು ಹಿಡಿಯುವುದಿಲ್ಲ.

“ನಿನ್ ಗಂಡನಿಗಿಂತ ನನ್ ಗಂಡನೇ ವಾಸಿ ಕಣೇ,” ಅಂದರು. “ಮನೇಲಿದ್ದು ರಾಶಿ ಕಾಯ್ತಾವ್ನೆ. ನಿನ್ನೋನು ಮೊಂಬಾಸಾದಲ್ಲಿ ಏನ್ ಕಾಯ್ತಾನೋ.”

ಫೆಬ್ರವರಿ 14, ಮಧ್ಯಾಹ್ನ

ರಾಶಿಯೊಳಗೆ ಕೈ ತೂರಿಸಿದೆ. ಬೆಚ್ಚಗಿದೆ — ಕಾವಿಗೆ ಕೂತ ಕೋಳಿಯ ಹೊಟ್ಟೆಯಡಿ ಕೈಯಿಟ್ಟ ಹಾಗೆ. ತೆಗೆಯಲು ಮನಸ್ಸೇ ಬರಲಿಲ್ಲ. ಒರಗಿದೆ, ಕಣ್ಣು ಮುಚ್ಚಿತು. ಕನಸಿನಲ್ಲಿ ರಾಶಿ ಉಸಿರಾಡುತ್ತಿತ್ತು. ಏಳುತ್ತಿತ್ತು, ಇಳಿಯುತ್ತಿತ್ತು. ಅದರ ಜೊತೆ ನಾನೂ ಮಗನೂ. ಎಚ್ಚರವಾದಾಗ ಕಿಟಕಿಯ ಬಿಸಿಲಕೋಲಿನಲ್ಲಿ ಹಸಿರು ಧೂಳು ತೇಲುತ್ತಿತ್ತು. ಚೆಂದವಿತ್ತು. ಸುಳ್ಳೇಕೆ ಬರೆಯಲಿ.

ಫೆಬ್ರವರಿ 16

ಊರಿನ ಮಕ್ಕಳ ತೂಕ ನೋಡುವ ಮ್ವೊಂಗೇಲಿ ಬಂದಿದ್ದಳು. ಗಾಜಿನ ಬಾಟಲಿಗೆ ನಮ್ಮ ಜೋಳ, ಒಂದಿಷ್ಟು ಒಣ ಉಪ್ಪು ಹಾಕಿ ಕುಲುಕಿದಳು. ಉಪ್ಪೆಲ್ಲ ಗಾಜಿಗೆ ಮೆತ್ತಿಕೊಂಡಿತು. ನನ್ನ ಕಡೆ ತಿರುಗಿದಳು.

“ಒದ್ದೆ ಇದೆ, ಕಟುಂಗೆ ಅಕ್ಕ. ಬೂಷ್ಟೂ ಹಿಡಿದಿದೆ. ಇದರಲ್ಲಿ ಅಫ್ಲಾ ಅಂತ ವಿಷ ಇರುತ್ತೆ. ಬೇಯಿಸಿದ್ರೂ ಹೋಗಲ್ಲ. ತಿನ್ನಬೇಡಿ.”

“ತಿನ್ನೋದನ್ನ ಬಿಸಾಕೋಕೆ ನಮಗೇನು ಕೊಬ್ಬಾ?” ಅತ್ತೆ ಕೇಳಿದರು. “ಹುಟ್ಟಿದಾಗಿಂದ ಆರಿಸಿ ತಿಂದಿವ್ನಿ. ಕಣ್ಣಿಲ್ವಾ ನಂಗೆ?”

ಕೊನೆಗೊಂದು ರಾಜಿ. ಮಗುವಿಗೆ ಈ ಜೋಳ ಮುಟ್ಟಿಸುವುದಿಲ್ಲ — ರಾಗಿ ಅಂಬಲಿ, ಮೇಕೆ ಹಾಲು. ನಮ್ಮಿಬ್ಬರಿಗೆ ಆರಿಸಿದ ಕಾಳು. ಮ್ವೊಂಗೇಲಿ ತಲೆ ಅಲ್ಲಾಡಿಸುತ್ತ ಹೋದಳು. ಆದರೆ ಮಗ ಬಚಾವಾದ, ಅಷ್ಟು ಸಾಕು.

ಫೆಬ್ರವರಿ 23

ದಿನವೂ ಆರಿಸುವುದೇ ಕೆಲಸ. ಹಸಿರುಗಟ್ಟಿದ್ದು, ಸುಕ್ಕಿದ್ದು ಎಡಕ್ಕೆ. ಒಳ್ಳೆಯದು ಬಲಕ್ಕೆ. ಕೈ ತಾನೇ ಆಡುತ್ತದೆ, ಮನಸ್ಸು ಎಲ್ಲೋ... ಎಡಗಡೆಯ ಗುಡ್ಡೆಯನ್ನು ಅತ್ತೆ ಮೊರದಲ್ಲಿ ತುಂಬಿ ಮೇಕೆಗೆ ಹಾಕುತ್ತಾರೆ. “ತಿನ್ನೇ, ತಿನ್ನು. ನನ್ ಗಂಡನಿಗೆ ಹಾಲು ಜಾಸ್ತಿಯಾಗ್ಲಿ.”

ಜಾಸ್ತಿಯೇ ಆಗಿದೆ. ಬಟ್ಟಲು ಬಾಯಿಗಿಟ್ಟರೆ ಬಿಡುವುದಿಲ್ಲ, ಕಳ್ಳ.

ಮಾರ್ಚ್ 20

ಬರೆಯಲಾಗಿರಲಿಲ್ಲ. ಮುಸೆಂಬಿಗೆ ಹುಷಾರಿಲ್ಲ. ಏನೂ ಸೇರುತ್ತಿಲ್ಲ. ತೆವಳುವುದು ಬಿಟ್ಟು ಕೂರಿಸಿದಲ್ಲೇ ಕೂತಿರುತ್ತಾನೆ. ಇವತ್ತು ತೂಗಿದರೆ ಹೋದ ತಿಂಗಳಿಗಿಂತ ಕಮ್ಮಿ.

“ಜೋಳ ಕೊಟ್ರಾ?” ಮ್ವೊಂಗೇಲಿ ಕೇಳಿದಳು.

“ಒಂದು ಕಾಳೂ ಇಲ್ಲ,” ಅಂದೆ.

“ಮತ್ತೆ ಕೆಟ್ಟ ಕಾಳು ಏನ್ಮಾಡಿದ್ರಿ?”

ಅತ್ತೆ ಮೇಕೆಯ ಕಡೆ ಕೈ ತೋರಿಸಿದರು. ಹೆಮ್ಮೆಯಿಂದಲೇ — ಏನೂ ದಂಡ ಮಾಡಿಲ್ಲವಲ್ಲ.

ಮ್ವೊಂಗೇಲಿ ಮೇಕೆಯ ಹತ್ತಿರ ಹೋಗಿ, ಮೊರದಲ್ಲಿ ಉಳಿದ ಕಾಳು ಕೈಗೆತ್ತಿಕೊಂಡು ನೋಡಿದಳು. “ಮೇಕೆ ತಿಂದಿದ್ದು ಹಾಲಲ್ಲಿ ಬರುತ್ತೆ ಅಕ್ಕ. ನಾನಾದ್ರೂ ಅವತ್ತೇ ಹೇಳಬೇಕಿತ್ತು.”

ನಾಳೆ ಕ್ಲಿನಿಕ್‌ಗೆ.

ಮಾರ್ಚ್ 21, ಸಂಜೆ

ರಕ್ತ ತೆಗೆದುಕೊಂಡರು. ರೆಪ್ಪೆ ಬಿಡಿಸಿ ನೋಡಿದರು — ಕಣ್ಣಲ್ಲಿ ಹಳದಿ ಇಲ್ಲ. ಆ ಜೋಳ, ಆ ಹಾಲು ಎರಡೂ ಇವತ್ತೇ ನಿಲ್ಲಬೇಕು. ಚೇತರಿಸಿಕೊಳ್ಳಬಹುದು, ಕಾದು ನೋಡೋಣ ಎಂದರು. ಅತ್ತೆ ಮತ್ತೆ ಮತ್ತೆ ಅದನ್ನೇ ಕೇಳಿದರು, “ಹಳದಿ ಇಲ್ಲ ತಾನೇ?”

ಬರುವಾಗ ದಾರಿಯ ಮರದಡಿ ಕೂತೆವು. ಬಿಸಿಲಿಗೆ ದೂರದ ಗುಡ್ಡಗಳು ನೀರಿನಲ್ಲಿರುವ ಹಾಗೆ ಅಲುಗುತ್ತಿದ್ದವು. ಅತ್ತೆ ಅವುಗಳ ಕಡೆ ನೋಡುತ್ತಲೇ ಮಾತಾಡಿದರು.

“ಸಾಯೋ ಮುಂಚೆ ನಿಮ್ಮಾವನ ಕಣ್ಣು ಅರಿಶಿನ ಆಗೋಗಿತ್ತು. ಯಾರೋ ಮಾಟ ಮಾಡ್ಸವ್ರೆ ಅಂದ್ಕಂಡೆ. ಆಚೆ ದಿಬ್ಬದೋರ ಜೊತೆ ಮಾತೇ ಬಿಟ್ಟೆ. ಒಳ್ಳೆ ಕಾಳು ಮಕ್ಕಳಿಗೆ ಎತ್ತಿಟ್ಟು, ಎಡಗಡೇದು ನಮ್ಮಿಬ್ಬರಿಗೆ ಬೇಯಿಸ್ತಿದ್ದೆ. ದುಡಿದು ಬಂದವ್ನೆ ಪಾಪ ಅಂತ ಅವನಿಗೇ ಜಾಸ್ತಿ ಬಡಿಸ್ತಿದ್ದೆ ಕಣೇ...”

ಅತ್ತೆಯ ಮೇಲೆ ಕೋಪ ಬರಲಿಲ್ಲ. ಈ ಸಲ ಆರಿಸಿದ್ದು ನನ್ನ ಕೈಯೂ ಅಲ್ಲವೇ. ಇಬ್ಬರೂ ಅತ್ತೆವು. ಮಗ ನಮ್ಮನ್ನೇ ನೋಡುತ್ತಿದ್ದ.

ಮಾರ್ಚ್ 24

ರಾಶಿ ಪೂರ್ತಿ ಗುಂಡಿಗೆ. ಆರಿಸಿದ್ದೂ, ಆರಿಸದ್ದೂ. ಗುದ್ದಲಿ ಹಿಡಿದದ್ದು ಅತ್ತೆಯೇ. ಕೋಣೆ ಖಾಲಿ, ನೆಲ ತಣ್ಣಗೆ. ಮಲಗಿದರೆ ಎಲ್ಲೋ ತೇಲಿದ ಹಾಗಾಗುತ್ತದೆ.

ಅತ್ತೆ ಮಗುವನ್ನು ಎತ್ತಿಕೊಳ್ಳುತ್ತಿಲ್ಲ. ಕರೆದರೆ ‘ಮುಸೆಂಬಿ’ ಅನ್ನುತ್ತಾರೆ — ಹೆಸರು ಹಿಡಿದು, ಯಾರದೋ ಮನೆಯ ಮಗುವಿನ ಹಾಗೆ. ಕೇಳಲಾಗುತ್ತಿಲ್ಲ.

ಏಪ್ರಿಲ್ 4, ಬೆಳಿಗ್ಗೆ

ಮೇಕೆಗೆ ಈಗ ಸೊಪ್ಪು, ಹುಲ್ಲು ಮಾತ್ರ. ಹಾಲು ಕಮ್ಮಿಯಾಗಿದೆ. ಆದರೆ ಶುದ್ಧ, ಇನ್ನು ಕೊಡಬಹುದು ಎಂದಳು ಮ್ವೊಂಗೇಲಿ. ನಿನ್ನೆಯಿಂದ ಮತ್ತೆ ತೆವಳುತ್ತಿದ್ದಾನೆ ನನ್ನ ಮಗ. ದೇವರು ದೊಡ್ಡವನು.

ಬಟ್ಟಲು ಅತ್ತೆಯ ಮುಂದೆ ಹಿಡಿದೆ. “ನೀವೇ ಕುಡಿಸಿ.”

“ಬ್ಯಾಡ ಕಣೇ. ನನ್ ಕೈಯಿಂದ ಬ್ಯಾಡ.”

ಇವನಿಗೆ ಅದೆಲ್ಲ ಎಲ್ಲಿ ಗೊತ್ತು. ತೆವಳಿಕೊಂಡು ಹೋಗಿ ಅವರ ಬಟ್ಟೆ ಹಿಡಿದು ಬಾಯಿ ತೆರೆದ. ಅತ್ತೆ ಬಹಳ ಹೊತ್ತು ಅವನ ಕಣ್ಣನ್ನೇ ನೋಡಿದರು. ಬಟ್ಟಲು ತೆಗೆದುಕೊಂಡರು. ಮೊದಲು ತಾವೇ ಒಂದು ಗುಟುಕು ಕುಡಿದು ನೋಡಿದರು. ಆಮೇಲೆ, ತೀರಾ ಮೆಲ್ಲಗೆ — “ಬಾರೋ, ನನ್ ಗಂಡ...”