ಗಡ್ಡಪ್ಪನ ಪೆಟ್ಟಿಗೆಯ ಸುತ್ತ ಬೂದಿ

ರೈಟರ ಮನೆ, ಅಮ್ಮತ್ತಿ ಹತ್ತಿರದ ಕಾಫಿ ತೋಟ
೫-೮-೧೯೫೮, ಮಂಗಳವಾರ ಬೆಳಿಗ್ಗೆ

ಪ್ರೀತಿಯ ನಮ್ಮ ಯಜಮಾನರಿಗೆ,

ಯಮುನಳ ನಮಸ್ಕಾರಗಳು. ಕಾಲು ಹೇಗಿದೆ? ಪ್ಲಾಸ್ಟರಿನ ಒಳಗೆ ವಿಪರೀತ ತುರಿಕೆ ಎಂದು ಬರೆದಿದ್ದಿರಿ. ಕಡ್ಡಿ ತೂರಿಸಿ ಕೆರೆದುಕೊಳ್ಳುವ ಕೆಲಸ ಮಾತ್ರ ಮಾಡಬೇಡಿ, ನಿಮ್ಮ ಬುದ್ಧಿ ನನಗೆ ಗೊತ್ತು. ಮೈಸೂರಿನ ಆಸ್ಪತ್ರೆಯ ಅನ್ನ ಗಂಟಲಲ್ಲಿ ಇಳಿಯದಿದ್ದರೂ ಕಣ್ಣು ಮುಚ್ಚಿ ತಿನ್ನಿ. ನೆರಳು ಮರದ ಕೊಂಬೆ ಕಡಿಸುವಾಗ ಕೆಳಗೆ ನಿಂತು ಕೂಗಿದ್ದರೆ ಸಾಕಿತ್ತು, ಏಣಿ ಹತ್ತಿ ತೋರಿಸಿ ಎಂದು ನಿಮಗೆ ಹೇಳಿದವರು ಯಾರು? ಇರಲಿ, ಬಿದ್ದವರನ್ನು ಬೈದು ಫಲವಿಲ್ಲ. ಇಲ್ಲಿ ನಾನು ಚೆನ್ನಾಗಿದ್ದೇನೆ. ಅತ್ತೆಯೂ ಚೆನ್ನಾಗಿದ್ದಾರೆ, ಬೇಕಾದ್ದಕ್ಕಿಂತ ಹೆಚ್ಚೇ ಚೆನ್ನಾಗಿದ್ದಾರೆ. ಅವರ ವಿಷಯವೇ ಬರೆಯಬೇಕಾಗಿದೆ. ಈ ಕಾಗದ ಹಾಕಲು ಅಮ್ಮತ್ತಿಗೆ ಹೊರಟಿರುವವರೂ ಅವರೇ, ಹೊಗೆಸೊಪ್ಪು ಮುಗಿದಿದೆಯಂತೆ. ಅವರಿಗೆ ಓದು ಬಾರದ ಕಾರಣ ಮನಸ್ಸು ಬಿಚ್ಚಿ ಬರೆಯುತ್ತೇನೆ. ಆದರೂ ಲಕೋಟೆಗೆ ಅನ್ನದ ಅಂಟು ಎರಡು ಸಲ ಹಚ್ಚುವವಳೇ.

ಮೊದಲು ಗಡ್ಡಪ್ಪನ ಸಮಾಚಾರ. ತೋಟದ ಬಿಳಿ ದೊರೆಯ ಮಗಳಿಗೆ ಅವಳ ಸೋದರಮಾವ ಆಸ್ಟ್ರೇಲಿಯಾದಿಂದ ಹಡಗಿನಲ್ಲಿ ತಂದುಕೊಟ್ಟ ಈ ಗಡ್ಡದ ಓತಿಕ್ಯಾತದ ಮರಿಯಿಂದ ನಮ್ಮ ಮನೆಯ ನಿದ್ದೆ ಹಾಳಾಗುತ್ತದೆ ಎಂದು ಯಾರಿಗೆ ಗೊತ್ತಿತ್ತು? ದೊರೆ ಊರಿಗೆ ಹೋಗುವಾಗ ಬಂಗಲೆಯ ಬಟ್ಲರನನ್ನು ನಂಬದೆ ಅದನ್ನು ನಿಮ್ಮ ಕೈಗಿಟ್ಟರು. ನೀವು ಕಾಲು ಮುರಿದುಕೊಂಡು ನನ್ನ ಕೈಗಿಟ್ಟಿರಿ. ದಸರಾ ಕಳೆದು ಅವರು ಬರುವಾಗ ಅದು ಉಸಿರಾಡುತ್ತಿರಬೇಕು. ತೋಟ ಮಾರುವ ಮಾತು ನಡೆದಿದೆಯಲ್ಲ, ಮಾರಿದರೆ ಹೊಸ ಧಣಿಗೆ ನಿಮ್ಮ ಬಗ್ಗೆ ಒಂದು ಒಳ್ಳೆಯ ಮಾತು ದೊರೆಯ ಬಾಯಿಂದಲೇ ಬರಬೇಕು. ಇಲ್ಲದಿದ್ದರೆ ನಿಮ್ಮ ರೈಟರ್ ಕೆಲಸವೂ ಇಲ್ಲ, ಈ ಮನೆಯೂ ಇಲ್ಲ. ಆದ್ದರಿಂದ ದೊರೆ ಹೇಳಿದ್ದನ್ನು ನೀವು ಕನ್ನಡದಲ್ಲಿ ಬರೆದುಕೊಟ್ಟ ಚೀಟಿಯನ್ನು ದೇವರ ಫೋಟೋ ಪಕ್ಕದಲ್ಲೇ ಅಂಟಿಸಿದ್ದೇನೆ. ಅದರ ಎರಡು ಕಣ್ಣುಗಳ ನಡುವಿನ ಜಾಗಕ್ಕಿಂತ ದೊಡ್ಡ ಹುಳ ಕೊಡುವುದಿಲ್ಲ. ಮಿಡತೆಯನ್ನು ಮೊಟ್ಟೆ ಓಡಿನ ಪುಡಿಯಲ್ಲಿ ಹೊರಳಿಸಿಯೇ ಕೊಡುತ್ತೇನೆ, ನಾವು ಮೀನನ್ನು ಖಾರದ ಪುಡಿಯಲ್ಲಿ ಹೊರಳಿಸುವ ಹಾಗೆ. ಕುಂಬಳದ ಎಳೆ ಕುಡಿ ಸಣ್ಣಗೆ ಹೆಚ್ಚಿಡುತ್ತೇನೆ. ಮೂಗಿನ ಮೇಲೆ ನೀರು ಹನಿಸಿದರೆ ನೆಕ್ಕಿ ಕುಡಿಯುತ್ತದೆ. ಬಿಸಿಲು ಕಾಯಿಸಿ ಎಂದು ಬರೆದಿದ್ದೀರಿ. ಮಳೆ ಹಿಡಿದ ಈ ಆಟಿ ತಿಂಗಳಲ್ಲಿ ಬಿಸಿಲು ಎಲ್ಲಿಂದ ತರಲಿ? ಪೆಟ್ಟಿಗೆಯ ಪಕ್ಕದಲ್ಲಿ ಲಾಟೀನು ಇಟ್ಟಿದ್ದೇನೆ. ಖುಷಿಯಾದಾಗ ಒಂದು ಕೈ ಎತ್ತಿ ನಿಧಾನವಾಗಿ ಆಡಿಸುತ್ತದೆ ನೋಡಿ, ನನಗೆ ಅದರ ಮೇಲೆ ಪ್ರೀತಿ ಬಂದುಬಿಟ್ಟಿದೆ.

ಈಗ ವಿಷಯಕ್ಕೆ ಬರುತ್ತೇನೆ. ಹದಿನೈದು ದಿನದಿಂದ ಗಡ್ಡಪ್ಪ ಬೆಳಗಿನ ತಿಂಡಿ ಮುಟ್ಟುತ್ತಿಲ್ಲ. ಮಿಡತೆ ಮೂಗಿನ ಮುಂದೆ ಕುಣಿದರೂ ಅತ್ತ ತಿರುಗುವುದಿಲ್ಲ. ಹೊಟ್ಟೆ ಮುಟ್ಟಿದರೆ ಗಟ್ಟಿ. ಅಂದರೆ ನನಗಿಂತ ಮೊದಲೇ ಯಾರೋ ಏನೋ ತಿನ್ನಿಸುತ್ತಿದ್ದಾರೆ. ಮೊದಲು ಬಟ್ಲರನ ಮೇಲೆ ಅನುಮಾನ ಬಂತು. ಅವನ ಅಳಿಯನಿಗೆ ಈ ಮನೆಯ ಮೇಲೆ ಕಣ್ಣಿರುವುದು ಇಡೀ ಕೂಲಿ ಲೈನಿಗೇ ಗೊತ್ತು. ಹೋದ ವಾರ ಬಟ್ಲರ್ ಬಂದು ಜಗಲಿಯಲ್ಲಿ ನಿಂತು, 'ಅದು ಸತ್ತುಹೋದರೆ ದೊರೆಗೆ ಏನು ಹೇಳ್ತೀರಮ್ಮ?' ಎಂದು ಕೇಳಿದ. ಬದುಕಿರುವುದರ ಮುಂದೆ ನಿಂತು ಹಾಗೆ ಕೇಳುತ್ತಾರೆಯೇ? ಹೋಗುವಾಗ ಅತ್ತೆಗೆ ಒಂದು ಹಿಡಿ ಹೊಗೆಸೊಪ್ಪು ಕೊಟ್ಟ. ಪುಕ್ಕಟೆ ಕೊಡುವ ಜಾತಿಯವನಲ್ಲ ಅವನು. ಆಗ ನನ್ನ ಕಿವಿ ನೆಟ್ಟಗಾಯಿತು.

ನಾನು ಮುಚ್ಚಳದ ಮೇಲೆ ಒಂದು ಕಪ್ಪು ದಾರ ಎಳೆದು ಕಟ್ಟಿದೆ. ಬೆಳಿಗ್ಗೆ ನೋಡಿದರೆ ದಾರ ಕಡಿದಿತ್ತು. ಬೆಕ್ಕಿರಬಹುದು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ಮಾರನೆಯ ದಿನ ಪೆಟ್ಟಿಗೆಯ ಸುತ್ತ ಒಲೆಯ ಬೂದಿ ತೆಳ್ಳಗೆ ಹರಡಿದೆ. ಬೆಳಿಗ್ಗೆ ಬೂದಿಯಲ್ಲಿ ಹೆಜ್ಜೆ. ಬಲಗಾಲಿನ ಕಿರುಬೆರಳು ಹೊರಕ್ಕೆ ಸೊಟ್ಟ. ಆ ಬೆರಳು ಯಾರದೆಂದು ನಿಮಗೂ ಹೇಳಬೇಕೇ? ನೀವು ಚಿಕ್ಕವರಿದ್ದಾಗ ಒನಕೆ ಬೀಳಿಸಿದ್ದು ನಿಮ್ಮ ತಾಯಿಯ ಅದೇ ಬೆರಳಿನ ಮೇಲೆ. ಮೊದಲ ದಿನ ಗಡ್ಡಪ್ಪನನ್ನು ನೋಡಿ ಅತ್ತೆ ಏನೆಂದರು ನೆನಪಿದೆಯೇ? 'ಇದೆಂಥ, ಉಡದ ಮರಿನಾ? ದೊಡ್ಡ ಆದ್ರೆ ಒಂದ್ ಸಾರ್‌ಗೆ ಸಾಕ್.' ನಾವಿಬ್ಬರೂ ಆಗ ನಕ್ಕೆವು. ಈಗ ನಗು ಬರುವುದಿಲ್ಲ. ಆಮೇಲೆ ನಾನು ಬೂದಿಯ ಮಾತೆತ್ತದೆ, 'ಪೆಟ್ಟಿಗೆಯನ್ನು ಯಾರೂ ಮುಟ್ಟಬಾರದು' ಎಂದು ಗೋಡೆಗೆ ಹೇಳುವಂತೆ ಗಟ್ಟಿಯಾಗಿ ಹೇಳಿದೆ. ಅತ್ತೆ ಅಡಿಕೆ ಕತ್ತರಿಸುತ್ತಲೇ ಇದ್ದರು.

ಭಾನುವಾರ ಆಟಿ ಹದಿನೆಂಟು, ಸೊಪ್ಪಿಗೆ ಹದಿನೆಂಟು ಬಗೆಯ ಮದ್ದು ಸೇರುವ ದಿನ. ಅತ್ತೆ ತೋಡಿನ ಬದಿಯಿಂದ ಮದ್ದುಸೊಪ್ಪು ಕೊಯ್ದು ತಂದು ಪಾಯಸ ಮಾಡಿದರು, ಮನೆಯೆಲ್ಲ ಘಮಘಮ. ಎಲ್ಲರಿಗೂ ಬಡಿಸಿ ನಿಮ್ಮ ಹೆಸರಿನಲ್ಲಿ ಒಂದು ಬಟ್ಟಲು ತೆಗೆದಿಟ್ಟರು. ಕೆಲಸಕ್ಕೆ ಬರುವ ಚೋಮಿ ಅದನ್ನು ಕೇಳಿದರೂ ಕೊಡಲಿಲ್ಲ. ಸಂಜೆ ನೋಡಿದರೆ ಬಟ್ಟಲು ಖಾಲಿ. ಮಗನ ಪಾಲನ್ನು ತಾವೇ ತಿಂದರೇನೋ ಎಂದು ಸುಮ್ಮನಾದೆ, ವಯಸ್ಸಾದವರಿಗೆ ಸಿಹಿಯ ಆಸೆ ಇರುತ್ತದೆ.

ಮರುದಿನ, ಅಂದರೆ ನಿನ್ನೆ, ಗಡ್ಡಪ್ಪನ ಪೆಟ್ಟಿಗೆ ತೊಳೆಯಲು ತೆಗೆದೆ. ದಿನಾ ಅದರ ಹಿಕ್ಕೆಯಲ್ಲಿ ಸುಣ್ಣದಂಥ ಬಿಳಿ ಇರುತ್ತದೆ. ನಿನ್ನೆ ಆ ಬಿಳಿಯೆಲ್ಲ ಕೆಂಪು, ರಕ್ತದಂಥ ಕೆಂಪು! ಪಾಪದ ಪ್ರಾಣಿ ಗಡ್ಡ ಉಬ್ಬಿಸಿ ಕಪ್ಪಾಗಿ ಕೂತಿತ್ತು. ಕರುಳು ಕತ್ತರಿಸುವಂಥದ್ದೇನೋ ಹಾಕಿದ್ದಾರೆ, ಬಟ್ಲರ್ ತಂದುಕೊಟ್ಟಿದ್ದಾನೆ, ಅತ್ತೆ ತಿನ್ನಿಸಿದ್ದಾರೆ. ಬೇರೆ ಹೇಗೆ ಯೋಚಿಸಲಿ ಹೇಳಿ? ನಿಮ್ಮ ತಾಯಿಯ ಮೇಲೆ ಹೀಗೆ ಬರೆಯುವುದು ನನಗೂ ಹಿತವಿಲ್ಲ. ಮದುವೆಯಾಗಿ ಒಂಬತ್ತು ವರ್ಷದಲ್ಲಿ ಒಂದು ಮಾತು ದೂರಿದವಳಲ್ಲ ನಾನು. ಆದರೆ ಅನ್ನ ಹೋಗುವ ಕಾಲಕ್ಕೆ ಬಾಯಿ ಮುಚ್ಚಿಕೊಂಡಿರಲು ನನ್ನಿಂದಾಗದು. ನೀವು ಈ ಕಾಗದ ಕಂಡ ಕೂಡಲೇ ಸುಂಟಿಕೊಪ್ಪದಲ್ಲಿರುವ ನಿಮ್ಮಣ್ಣ ಸಾಂತಪ್ಪ ಭಾವನಿಗೆ ಬರೆಯಿರಿ. ಅವರು ಬಂದು ಅತ್ತೆಯನ್ನು ಕರೆದುಕೊಂಡು ಹೋಗಲಿ. ಮಳೆಗಾಲ ಮುಗಿಯುವವರೆಗೆ ಎಂದು ಬಾಯಿಮಾತಿಗೆ ಹೇಳಿದರೆ ಸಾಕು. ಮತ್ತೆ ಬರುವುದು ಬೇಡ. ಒಂದೋ ಅವರು ಇಲ್ಲಿರಬೇಕು, ಇಲ್ಲ ಗಡ್ಡಪ್ಪನೂ ನಾನೂ ಇರಬೇಕು.

ಆರೋಗ್ಯ ನೋಡಿಕೊಳ್ಳಿ. ಪಕ್ಕದ ಹಾಸಿಗೆಯ ಮೇಷ್ಟ್ರಿಗೆ ನನ್ನ ನಮಸ್ಕಾರ ಹೇಳಿ. ಕಾವೇರಮ್ಮ ನಿಮ್ಮನ್ನು ನಡೆಯುವ ಕಾಲಿನಲ್ಲಿ ಮನೆಗೆ ತಲುಪಿಸಲಿ.

ಇಂತಿ ನಿಮ್ಮ
ಯಮುನ

ಮರೆತ ಮಾತು: ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ. ಭಾವನಿಗೆ ಬರೆಯಬೇಡಿ! ಲಕೋಟೆ ಅಂಟಿಸಬೇಕೆನ್ನುವಾಗ ಅತ್ತೆ ಕೊಡೆ ಹಿಡಿದು ಬಾಗಿಲಲ್ಲಿ ನಿಂತು, ನಾನು ಹೇಳಿದ್ದನ್ನೂ ಬರೆ ಎಂದರು. 'ಅಂವ ಹುಟ್ಟಿದಲ್ಲಿಂದ ಆಟಿ ಸೊಪ್ಪು ತಪ್ಪಿದ್ದೇ ಇಲ್ಲೆ. ಆಸ್ಪತ್ರೆಲಿ ಅದ್ ಎಲ್ಲಿ ಉಟ್ಟು? ಅವನ ಪಾಲ್‌ನ ಗಡ್ಡಪ್ಪಂಗೆ ಬೆರಳಲ್ಲಿ ನೆಕ್ಕಿಸಿದೆ ಕೇಳ್ ಗೂಡೆ, ಉಳಿದದ್ ನಾ ತಿಂದೆ. ಅವನ ಕೆಲಸ ಇದರ ಕೈಲಿ ಉಟ್ಟಲ್ಲ, ಇದ್ಕೂ ಮದ್ದ್ ಬೇಡನಾ?' ಅಂದರು. ಆ ಸೊಪ್ಪು ತಿಂದರೆ ಮರುದಿನ ಹೊರಹೋಗುವ ನೀರು ಕೆಂಪಾಗುವುದು ಕೊಡಗಿನ ಕೂಸಿಗೂ ಗೊತ್ತು. ನಾನೂ ತಿಂದವಳು, ನನಗೂ ನಿನ್ನೆ ಆದದ್ದೇ, ಆದರೂ ಹೊಳೆಯಲಿಲ್ಲವಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಬೂದಿಯ ಮಾತು ಕೇಳಿದೆ. ಮುಂಜಾನೆ ಲಾಟೀನಿನ ಎಣ್ಣೆ ತೀರಿ ಗಡ್ಡಪ್ಪನ ಮೈ ತಣ್ಣಗಾಗುತ್ತದಂತೆ. ದಿನಾ ಅದನ್ನು ಸೆರಗಿನೊಳಗೆ ಇಟ್ಟುಕೊಂಡು ಒಲೆಯ ಮುಂದೆ ಕೂತು, ರೆಕ್ಕೆ ಕಿತ್ತ ಗೆದ್ದಲು ಹುಳ ತಿನ್ನಿಸುತ್ತಿದ್ದರಂತೆ. ನಾನು ಬೈದೇನೆಂದು ಹೇಳಲಿಲ್ಲವಂತೆ. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿದೆ. ಈಗ ಗಡ್ಡಪ್ಪನನ್ನು ನೋಡಿದೆ, ಬಿಳಿ ಮೊದಲಿನಂತೆಯೇ ಆಗಿದೆ, ಅತ್ತೆಯನ್ನು ಕಂಡು ಕೈಯೆತ್ತಿ ಆಡಿಸಿತು. ಬೇರೆ ಕಾಗದ ಬರೆಯೋಣವೆಂದರೆ ಟಪಾಲು ಬಸ್ಸು ತಪ್ಪುತ್ತದೆ, 'ಮಗ ದಾರಿ ನೋಡ್ತಿರ್ತಾನೆ' ಎಂದು ಅತ್ತೆ ನಿಂತಲ್ಲಿ ನಿಲ್ಲುತ್ತಿಲ್ಲ. ಹಿಂದಿನದನ್ನು ಓದಿ ಹರಿದುಬಿಡಿ, ಅವರು ಬದುಕಿರುವವರೆಗೆ ಬಾಯಿ ಬಿಡಬೇಡಿ. ಈ ಕಾಗದ ಮಳೆಯಲ್ಲಿ ನೆನೆಯಬಾರದೆಂದು ಅವರು ಬಾಳೆಲೆ ಬಾಡಿಸಿ ತಂದು ಕೈಚಾಚಿ ನಿಂತಿದ್ದಾರೆ.