ಕಿವಿಗೆ ಮುಟ್ಟಿದ ಕೈ

ಚೋವಾ ಚು ಕಾಂಗ್, ಸಿಂಗಾಪುರ
8 ಜೂನ್ 2025

ಪ್ರೀತಿಯ ಅಕ್ಕಾ,

ತಮ್ಮನ ಶರಣು. ಮೊಣಕಾಲು ನೋವು ಹೇಗಿದೆ? ನಾನು ಕಳಿಸಿದ ಮುಲಾಮನ್ನು ನಿನ್ನ ಕಾಲಿಗೆ ಹಚ್ಚಿಕೊಳ್ಳುತ್ತಿದ್ದೀಯೋ, ಎಮ್ಮೆಯ ಕಾಲಿಗೋ? ಇಲ್ಲಿ ಎಲ್ಲರೂ ಕ್ಷೇಮ. ಮೊಮ್ಮಗಳು ಐಶ್ವರ್ಯಳ ಮುಂದಿನ ಹಲ್ಲು ಬಿದ್ದಿದೆ. ನನ್ನದು ಇನ್ನೂ ಒಂದೂ ಬಿದ್ದಿಲ್ಲ.

ನನ್ನ ಮಗ ಆನಂದಕುಮಾರ ಫೋನಿನಲ್ಲಿ ನಿನಗೆ ಎಲ್ಲ ಒದರಿಬಿಟ್ಟನಂತೆ. ಅಂದಿನಿಂದ ನೀನು ಅಳುತ್ತಿದ್ದೀಯಂತೆ. ಅಳುವಂಥದ್ದು ಏನಾಗಿದೆ? ಜೂನ್ ಒಂದಕ್ಕೆ ಕಾರ್ಡಿನ ಪ್ರಕಾರ ಅರವತ್ಮೂರು ತುಂಬಿತು, ಲಿಫ್ಟ್ ಕಂಪನಿಯ ಸೂಪರ್‌ವೈಸರ್ ಹುದ್ದೆ ಮುಗಿಯಿತು, ಅಷ್ಟೇ. ವಾರಕ್ಕೆ ಮೂರು ದಿನ ಹೊಸಬರಿಗೆ ಕಲಿಸಲು ಬಾ ಎಂದಿದ್ದಾರೆ. ಎನ್ನದೇ ಏನು ಮಾಡುತ್ತಾರೆ? ನಾನಿಲ್ಲದಿದ್ದರೆ ಅರ್ಧ ಊರಿನ ಲಿಫ್ಟುಗಳು ಕೆಳಗಿಳಿಯುತ್ತವೆಯೇ ಹೊರತು ಮೇಲೆ ಹತ್ತುವುದಿಲ್ಲ.

ಈ ದೇಶದ ಖಾಯಂ ವಾಸಿಗಳಿಗೆ ಕೊಡುವ ನನ್ನ ನೀಲಿ ಕಾರ್ಡನ್ನು ನೀನು ಬಂದಾಗ ನೋಡಿದ್ದೀಯಲ್ಲ, 'ಕೊರಳಾಗಿನ ಲಿಂಗದಂಗ ಇದನ್ನೂ ಮೈಮ್ಯಾಲೇ ಇಟಗೊಂಡೀಯಲ್ಲೋ' ಎಂದು ನಕ್ಕಿದ್ದೆ. ಆಸ್ಪತ್ರೆಗೂ ಅದೇ ಬೇಕು, ಪಾರ್ಸೆಲ್ ಬಿಡಿಸಿಕೊಳ್ಳಲೂ ಅದೇ. ಮೊನ್ನೆ ಕ್ಲಿನಿಕ್ಕಿನ ಹುಡುಗಿ ಕಾರ್ಡಿನಲ್ಲಿ ಹುಟ್ಟಿದ ವರ್ಷ ನೋಡಿದಳು, ನನ್ನ ಮುಖ ನೋಡಿದಳು, 'ಅಂಕಲ್, ನಿಮ್ಮ ಅಣ್ಣನ ಕಾರ್ಡ್ ತಂದ್ರಾ?' ಎಂದಳು. ಇದರಲ್ಲಿ ಸ್ವಲ್ಪ ನಾನು ಸೇರಿಸಿರಬಹುದು. ಆದರೆ ಬಸ್ಸಿನಲ್ಲಿ ಹಿರಿಯರ ರಿಯಾಯಿತಿ ನನಗೆ ಐವತ್ತೆಂಟಕ್ಕೇ ಸಿಕ್ಕಿದ್ದು ಸುಳ್ಳಲ್ಲ. ಇಷ್ಟು ಬೇಗ ಹಿರಿಯನಾದವನು ಇಡೀ ಸಿಂಗಾಪುರದಲ್ಲಿ ನಾನೊಬ್ಬನೇ! ಅದು ನಿನ್ನ ಪುಣ್ಯ.

ಆ ದಿನವನ್ನು ಮರೆತಿಲ್ಲ ಅಕ್ಕಾ. ನನ್ನನ್ನು ಆಡಿಸಲೆಂದು ಮನೆಯಲ್ಲಿ ನಿನ್ನ ಶಾಲೆ ಬಿಡಿಸಿದ್ದರು. ತಮ್ಮನನ್ನೂ ಶಾಲೆಗೆ ಹಾಕಿದರೆ ನೀನೂ ಒಳಗೆ ಕೂರಬಹುದೆಂದು ನಾಲ್ಕು ವರ್ಷದ ನನ್ನನ್ನು ಸೊಂಟದ ಮೇಲೆ ಹೊತ್ತು ಬಂದೆ. ಆರು ತುಂಬಿದ್ದರೆ, ತಲೆಯ ಮೇಲಿಂದ ಬಳಸಿದ ಕೈ ಆಚೆ ಬದಿಯ ಕಿವಿಗೆ ಮುಟ್ಟಬೇಕು. ನನ್ನದು ಮುಟ್ಟಲಿಲ್ಲ. ನೀನು ಹಿಂದೆ ನಿಂತು ಕಿವಿಯನ್ನೇ ಬೆರಳಿನತ್ತ ಜಗ್ಗಿದೆ. 'ಮುಟ್ಟೇತಿ ನೋಡ್ರಿ ಸರ, ಆರು ತುಂಬ್ಯಾವ!' ಮಾಸ್ತರರು ನಕ್ಕು, ಎಲ್ಲ ಮಕ್ಕಳಿಗೂ ಬರೆಯುವಂತೆ ಜೂನ್ ಒಂದು ಎಂದು ಬರೆದು, ವರ್ಷ ಮಾತ್ರ ಎರಡು ಹಿಂದೆ ಹಾಕಿದರು. ಅದೇ ತಾರೀಖು ಸಮುದ್ರ ದಾಟಿ ಈ ಕಾರ್ಡಿನಲ್ಲಿ ಬಂದು ಕೂತಿದೆ. ಜಗ್ಗಿದ ಆ ಕಿವಿ ಇಂದಿಗೂ ತುಸು ಉದ್ದವೇ. ಕಾರ್ಡಿನ ಫೋಟೋದಲ್ಲೂ ಕಾಣುತ್ತದೆ.

ಮನೆಯ ಮಕ್ಕಳಿಗೆಲ್ಲ ನನ್ನ ಆಶೀರ್ವಾದ ಹೇಳು. ಎಮ್ಮೆಗೂ ಕೇಳಿದೆನೆಂದು ಹೇಳು.

ನಿನ್ನ, ಅವಸರದಲ್ಲಿ ಮುದುಕನಾದ ತಮ್ಮ,
ಶಿವಬಸಪ್ಪ

ತಾ.ಕ.: ಶ್ರಾವಣದ ಮೊದಲ ಸೋಮವಾರ ಕೋರ್ಟಿಗೆ ಹೋಗಿ, 'ನನ್ನ ಸುಳ್ಳಿನಿಂದ ತಮ್ಮನ ನೌಕರಿ ಹೋತು' ಎಂದು ಪ್ರಮಾಣಪತ್ರ ಮಾಡಿಸುತ್ತೀಯಂತೆ. ಬೇಡ. ಆ ಎರಡು ವರ್ಷ ಎಲ್ಲಿ ಹೋದವೆಂದು ನನಗೆ ಗೊತ್ತು. ನನ್ನನ್ನು ಮಗ್ಗುಲಲ್ಲಿ ಕೂರಿಸಿಕೊಂಡು ನೀನು ನಾಲ್ಕನೆಯ ಇಯತ್ತೆ ಮುಗಿಸಿದೆ. ಅದಕ್ಕೇ ಫೋನು ಮಾಡದೆ ಪತ್ರ ಬರೆದಿದ್ದೇನೆ. ಸೊಸೆಯನ್ನು ಕರೆಯಬೇಡ, ಚಾಳೀಸು ಹಾಕಿಕೊಂಡು ನೀನೇ ಓದು.