ಎಡಗಡೆಯ ಕೆರೆ

ಮಾರ್ಚ್ 4, ಬೆಳಿಗ್ಗೆ

ಇವತ್ತೂ ಮಂಡಿಯ ಮೇಲೆಯೇ. ಆಫೀಸಿನ ನಿಯಮ — ಮಕ್ಕಳ ಪಾರ್ಕಿನ ಯಾವ ನಾಡನ್ನೇ ವಿನ್ಯಾಸ ಮಾಡಲಿ, ಮಾಡೆಲನ್ನು ಮೊದಲು ಮಗುವಿನ ಕಣ್ಣಿನ ಎತ್ತರದಿಂದ ನೋಡಬೇಕು. ಮಂಡಿಗೆ ಪ್ಯಾಡ್ ಕಟ್ಟಿಕೊಂಡು ಮೇಜಿನ ಸುತ್ತ ತೆವಳಿದೆ. ಮಂಜಿನ ನಾಡು, ಗಾಳಿಯ ನಾಡು, ರಾಕ್ಷಸರ ಅಡುಗೆಮನೆ, ತಲೆಕೆಳಗಾದ ಊರು — ನಾಲ್ಕು ಮುಗಿದಿವೆ. ಐದನೆಯದರ ಜಾಗದಲ್ಲಿ ಬರೀ ಹಲಗೆ. ನಲವತ್ತೆಂಟಕ್ಕೆ ಕಲ್ಪನೆಯೂ ಮಂಡಿಯಂತೆಯೇ... ಬಗ್ಗಿದರೆ ಏಳುವುದು ಕಷ್ಟ.

ಶುಕ್ರವಾರದೊಳಗೆ ಐದನೆಯ ನಾಡಿನ ಕಥೆ ಬೇಕು ಎಂದಿದ್ದಾರೆ ಚೀಫ್.

ಮಾರ್ಚ್ 7

ಕೊಟ್ಟೆ. ಕಳೆದುಹೋದ ವಸ್ತುಗಳ ನಾಡು. ಒಂಟಿ ಚಪ್ಪಲಿಗಳ ಗುಡ್ಡ, ಕೊಡೆಗಳ ಕಾಡು, ಅಂಗಿ ಗುಂಡಿಗಳ ಕೆರೆ. ಬಾಗಿಲಿಗೆ ಹಲ್ಲು ಮುರಿದ ಬಾಚಣಿಗೆಯ ಕಾವಲು. ಚೀಫ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ ಇದನ್ನ ಎಂದರು.

ಬಚ್ಚಿಟ್ಟದ್ದು ಹೌದು. ಕಪಾಟಿನ ಕೆಳಗಿನ ಖಾನೆ, ಹಳೆಯ ನೋಟ್‌ಬುಕ್ಕು. ಅಕ್ಷರ ನನ್ನದು. ಹೇಳಿದವಳು ತಂಗಿ. ಆಗ ಅವಳಿಗೆ ಎಂಟು, ನನಗೆ ಹನ್ನೆರಡು. ಕಾಲು ಮುರಿದುಕೊಂಡು ನಾಲ್ಕು ತಿಂಗಳು ಮಂಚ ಹಿಡಿದಿದ್ದಳು. ಸ್ಕೂಲಿಂದ ಬಂದವಳೇ ಎದುರಿಗೆ ಸ್ಟೂಲ್ ಎಳೆದು ಕೂರುತ್ತಿದ್ದೆ. ಅವಳು ಕಂಡದ್ದು, ನಾನು ಬರೆದದ್ದು.

ಒಂದು ಫಾರ್ಮ್ ಇದೆ. ‘ಈ ಕಲ್ಪನೆ ಸಂಪೂರ್ಣವಾಗಿ ನನ್ನದು.’ ಸಹಿ ಹಾಕಿದೆ. ಪೆನ್ನು ಸಲೀಸಾಗಿ ಓಡಿತು, ಅದೇ ಆಶ್ಚರ್ಯ.

ಮಾರ್ಚ್ 9

ತಂಗಿಗೆ ಫೋನ್. ಹೇಳಬೇಕೆಂದೇ ಮಾಡಿದ್ದು. ಅಮ್ಮನ ಬಿಪಿ, ಅವಳ ಕನ್ನಡಕದ ಅಂಗಡಿ, ಕೆಟ್ಟುಹೋದ ಮಿಕ್ಸಿ... ಇಪ್ಪತ್ತು ನಿಮಿಷ. ಇಟ್ಟಮೇಲೆ ಅನ್ನಿಸಿತು — ಅವಳಿಗೆ ಮರೆತೇ ಹೋಗಿರುತ್ತದೆ.

ಅನ್ನಿಸಿತು ಎಂದು ಬರೆದಿದ್ದೇನೆ. ಹಾಗಿರಲಿ ಎಂದು ಬೇಡಿಕೊಂಡೆ, ನಿಜ ಅದು.

ಏಪ್ರಿಲ್ 2

ಮೂರು ವಾರ ಇಲ್ಲಿ ಏನೂ ಬರೆದಿಲ್ಲ. ರಾತ್ರಿ ಮಲಗುವ ಮುಂಚೆ ಓದುವ ಕವಿತೆಯ ಪುಸ್ತಕ ಕೂಡ ಮುಟ್ಟಿಲ್ಲ. ತೆರೆದರೆ ಮೊದಲು ಕಣ್ಣಿಗೆ ಬೀಳುವುದು ಬರೆದವರ ಹೆಸರು.

ಮಾಡೆಲ್ ಚೆಂದ ಬಂದಿದೆ. ನೋಟ್‌ಬುಕ್ಕಿನಲ್ಲಿ ನಾನು ಗೀಚಿದ್ದ ನಕ್ಷೆಯಂತೆಯೇ — ಬಲಕ್ಕೆ ಕೆರೆ, ಎಡಕ್ಕೆ ಗುಡ್ಡ. ಬಾಗಿಲ ಕಲ್ಲಿನ ಮೇಲೆ ನನ್ನ ಹೆಸರು ಕೆತ್ತಿಸುತ್ತಾರಂತೆ. ಶನಿವಾರ ಮನೆಯವರಿಗೆಲ್ಲ ತೋರಿಸುವ ದಿನ. ಅಮ್ಮ ಆಗಲೇ ತಂಗಿಯ ಕಿವಿಗೆ ಊದಿಬಿಟ್ಟಿದ್ದಾಳೆ.

ಏಪ್ರಿಲ್ 5, ಸಂಜೆ

ಬಂದಳು. ತಾನೇ ಪ್ಯಾಡ್ ಕೇಳಿ ಕಟ್ಟಿಕೊಂಡಳು. ಮುರಿದಿದ್ದ ಆ ಕಾಲನ್ನು ಈಗಲೂ ನಿಧಾನ ಮಡಚುತ್ತಾಳೆ. ಮಂಡಿಯೂರಿ, ಬಾಚಣಿಗೆಯ ಬಾಗಿಲಿಂದ ಒಳಗೆ ನೋಡಿದಳು. ತುಂಬಾ ಹೊತ್ತು. ಪಕ್ಕದಲ್ಲಿ ಚೀಫ್ ನನ್ನನ್ನು ಹೊಗಳುತ್ತಲೇ ಇದ್ದರು. ನಾನು ಅವಳ ಬೈತಲೆ ನೋಡುತ್ತ ನಿಂತಿದ್ದೆ. ಅಲ್ಲೂ ಬಿಳಿ ಕೂದಲು.

“ಅಕ್ಕಾ,” ಅಂದಳು, ಮೆಲ್ಲಗೆ. “ಕೆರೆ ಎಡಕ್ಕಿತ್ತು ಕಣೇ.”

ಅಷ್ಟೇ. ಚೀಫ್‌ಗೆ ಕೇಳಿಸಲಿಲ್ಲ.

ಮೆಟ್ಟಿಲಿಳಿಯುವಾಗ ನಾನೇ ಬಾಯಿಬಿಟ್ಟೆ. ಫಾರ್ಮಿನ ವಿಷಯವನ್ನೂ. ನಡುವೆ ಒಂದು ಮೆಟ್ಟಿಲಲ್ಲಿ ನಿಂತುಬಿಟ್ಟಳು.

“ಕೇಳಿದ್ರೆ ಕೊಡ್ತಿದ್ದೆ. ಅದೇ ಬೇಜಾರು.”

ನಾನು ಕಂಬಿ ಹಿಡಿದುಕೊಂಡೆ. ನನ್ನ ಮುಖ ನೋಡಿ ಪಾಪ ಅನ್ನಿಸಿತೋ ಏನೋ, ಮಾತು ತಿರುಗಿಸಿದಳು. “ನಾನು ಕೈ ತೋರಿಸಿ ಹೇಳ್ತಿದ್ದೆ, ನೀನು ಎದುರುಗಡೆ ಕೂತು ಬರೀತಿದ್ದೆ. ನನ್ನ ಎಡ ನಿನಗೆ ಬಲ ಆಗಿದೆ. ದಿನಾ ಎಡಗಣ್ಣು ಬಲಗಣ್ಣು ಅಂತ ಅಳತೆ ತಗೊಳ್ಳೋಳು ನಾನು, ನಂಗೆ ಗೊತ್ತಾಗಲ್ವಾ?”

ಮೂವತ್ತಾರು ವರ್ಷ ಆ ನೋಟ್‌ಬುಕ್ಕು ನನ್ನ ಬಳಿಯೇ ಇತ್ತು. ಒಮ್ಮೆಯೂ ಅವಳ ಕಡೆಯಿಂದ ನೋಡಿರಲಿಲ್ಲ.

ಆಟೋ ಹತ್ತಿದವಳು ತಿರುಗಿ ನೋಡಲಿಲ್ಲ.

ಏಪ್ರಿಲ್ 7, ಬೆಳಿಗ್ಗೆ

ಕೆರೆ ಎಡಕ್ಕೆ ಬರಬೇಕು ಎಂದೆ. ಪೈಪಿನ ಇಂಜಿನಿಯರ್ ತಲೆ ಚಚ್ಚಿಕೊಂಡರು. ನೀರಿನ ಲೈನ್ ಎಲ್ಲ ಬಲಕ್ಕೇ ಎಳೆದಾಗಿದೆ. ಬದಲಾವಣೆಯ ಫಾರ್ಮನ್ನು ನನ್ನ ಮುಂದೆ ತಳ್ಳಿದರು. ಅದರಲ್ಲಿ ‘ಕಾರಣ’ ಎಂದು ಒಂದು ಕಾಲಂ. ‘ಅಂದಕ್ಕಾಗಿ’ ಎಂದರೆ ಸಾಕು, ಎಲ್ಲರೂ ಹಾಗೇ ಬರೆಯುವುದು. ನಾನೂ ಬರೆದೆ. ಹೊಡೆದುಹಾಕಿದೆ. ಇನ್ನೊಂದು ಫಾರ್ಮ್ ತಂದಿಟ್ಟುಕೊಂಡಿದ್ದೇನೆ. ಕೆಲಸ ಹೋದರೂ ಹೋಗಬಹುದು. ಹನ್ನೊಂದಕ್ಕೆ ಚೀಫ್ ಬರುತ್ತಾರೆ. ಮೊದಲು ಇಲ್ಲಿ ಬರೆದು ನೋಡುತ್ತೇನೆ —

ಕಾರಣ: ಈ ನಾಡನ್ನು ಕಂಡವಳು ನಾನಲ್ಲ. ನನ್ನ ತಂಗಿ. ಅವಳು ಮಲಗಿದ್ದ ಮಂಚದಿಂದ ನೋಡಿದರೆ ಕೆರೆ ಎಡಕ್ಕೆ.